ಪ್ರೀತಿಯ ಸರ್ಟಿಫಿಕೇಟು ತಂದಿದ್ದೀರಾ, ಮೇಡಂ?

ಭೂಮಿಯನ್ನು ಉಳಿಸಲು ಗಂಡಸಿಗೆ ಏನೇನು ಬೇಕು? ಒಂದು ಚರ್ಮದ ಜಾಕೆಟ್ಟು, ಎರಡು ದಿನದ ಗಡ್ಡ, ಮೇಲಧಿಕಾರಿಯ ಜೊತೆ ಒಂದು ಜಗಳ. ಇಷ್ಟಿದ್ದರೆ ಹಾಲಿವುಡ್ಡಿನ ವೈಜ್ಞಾನಿಕ ಸಿನಿಮಾಗಳಲ್ಲಿ ಅವನನ್ನು ತಡೆಯುವವರಿಲ್ಲ. ‘ಯಾಕಪ್ಪಾ ಉಳಿಸ್ತೀಯ?’ ಎಂದು ಕೇಳುವವರೂ ಇಲ್ಲ. ಉಲ್ಕೆ ಬರುತ್ತಿದೆ, ಇವನು ಹೊರಟಿದ್ದಾನೆ, ಅಷ್ಟೇ. ಅದೇ ಕೆಲಸಕ್ಕೆ ಒಬ್ಬ ಹೆಂಗಸು ಹೊರಟಳೆನ್ನಿ, ಕೌಂಟರಿನ ಕಿಂಡಿ ಅರ್ಧ ತೆರೆಯುತ್ತದೆ. ಒಳಗಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ ಕೇಳುತ್ತಾನೆ: ‘ಯಾರಿಗೋಸ್ಕರ?’

ಮಗಳಿಗೋಸ್ಕರ ಎಂದರೆ ಮೊದಲ ಆದ್ಯತೆ. ಆ ಮಗಳು ಸತ್ತಿದ್ದರೆ ಇನ್ನೂ ಒಳ್ಳೆಯದು, ಅರ್ಜಿ ಅದೇ ದಿನ ವಿಲೇವಾರಿ. ಪ್ರಿಯಕರನಿಗೋಸ್ಕರ ಎಂದರೂ ನಡೆಯುತ್ತದೆ, ಅವನ ಹೆಸರು ಪೋಸ್ಟರಿನಲ್ಲಿ ಇವಳದಕ್ಕಿಂತ ದಪ್ಪ ಅಕ್ಷರದಲ್ಲಿರಬೇಕು. ತಂಗಿ, ಅಪ್ಪ, ಬೆಕ್ಕು ಇವನ್ನೆಲ್ಲ ಪರಿಶೀಲಿಸಲಾಗುವುದು. ‘ಯಾರಿಗೋಸ್ಕರವೂ ಇಲ್ಲ ಸ್ವಾಮಿ, ನನಗೆ ಈ ಕೆಲಸ ಬರುತ್ತೆ’ ಎಂದವಳ ಅರ್ಜಿಯ ಮೇಲೆ ‘ದಾಖಲೆ ಅಪೂರ್ಣ’ ಎಂಬ ಮೊಹರು ಬೀಳುತ್ತದೆ. ಹೆಣ್ಣಿನ ಶಕ್ತಿಯ ಮೂಲ ಪ್ರೀತಿ ಎಂದು ಭಾಷಣ ಮಾಡುವವರೆಲ್ಲ ಈ ಕಚೇರಿಯ ನೌಕರರೇ ಎಂದು ನನ್ನ ಗುಮಾನಿ.

ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2015ರ ‘ದಿ ಮಾರ್ಷಿಯನ್’ ಸಿನಿಮಾದ ಮಾರ್ಕ್ ವಾಟ್ನಿ ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಕೊಳ್ಳುತ್ತಾನೆ. ಓದಿದ್ದು ಸಸ್ಯವಿಜ್ಞಾನ. ಜೊತೆಗಾರರು ಬಿಟ್ಟುಹೋದ ಮಲವನ್ನೇ ಗೊಬ್ಬರ ಮಾಡಿ ಆಲೂಗಡ್ಡೆ ಬೆಳೆಯುತ್ತಾನೆ, ಕಮಾಂಡರಮ್ಮ ಬಿಟ್ಟುಹೋದ ಡಿಸ್ಕೋ ಹಾಡುಗಳನ್ನು ಕೇಳಿ ಕೇಳಿ ಶಪಿಸುತ್ತಾನೆ, ಬದುಕುತ್ತಾನೆ. ಹೆಂಡತಿ ಇದ್ದಳೇ, ಮಗು ಇತ್ತೇ, ಎದೆಯಲ್ಲೇನಾದರೂ ಹಳೆಯ ಗಾಯವಿದೆಯೇ? ಸಿನಿಮಾ ಕೇಳುವುದಿಲ್ಲ, ಟಿಕೆಟ್ ಕೊಂಡ ನಾವೂ ಕೇಳುವುದಿಲ್ಲ. ಆಲೂಗಡ್ಡೆ ಸಾಕು. ಅದಕ್ಕೆ ಎರಡು ವರ್ಷ ಮೊದಲು ಬಂದ ‘ಗ್ರಾವಿಟಿ’ಯಲ್ಲಿ ರಯಾನ್ ಸ್ಟೋನ್ ಎಂಬ ಡಾಕ್ಟರಮ್ಮ ಬಾಹ್ಯಾಕಾಶದಲ್ಲಿ ಸಿಕ್ಕಿಕೊಳ್ಳುತ್ತಾಳೆ. ಉಸಿರಾಡಲು ಗಾಳಿಯಿಲ್ಲ, ಹಿಂತಿರುಗಲು ವಾಹನವಿಲ್ಲ, ಸುತ್ತ ಚೂರಾದ ಉಪಗ್ರಹಗಳ ಮಳೆ. ಬದುಕಬೇಕೆನ್ನಲು ಇಷ್ಟು ಕಾರಣ ಸಾಲದಂತೆ. ಅದಕ್ಕೆ ನಾಲ್ಕು ವರ್ಷದ ಮಗಳೊಬ್ಬಳು ಶಾಲೆಯಲ್ಲಿ ಆಡುತ್ತ ಬಿದ್ದು ಸತ್ತಿರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಸೋಯುಜ್ ನೌಕೆಯ ಇಂಧನ ಖಾಲಿಯಾಗಿ ಸ್ಟೋನ್ ಕೈಚೆಲ್ಲಿ ಕೂತಾಗ, ಆಗಲೇ ತೇಲಿಹೋದ ಸಹೋದ್ಯೋಗಿ (ಜಾರ್ಜ್ ಕ್ಲೂನಿ) ಭ್ರಮೆಯಾಗಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಇಳಿಯಲು ಇಟ್ಟಿರುವ ರಾಕೆಟ್ಟುಗಳನ್ನೇ ಉಡಾಯಿಸು ಎಂದು ಉಪಾಯ ಹೇಳಿಕೊಡುತ್ತಾನೆ. ಭ್ರಮೆ ಹುಟ್ಟಿದ್ದು ಅವಳದೇ ತಲೆಯಲ್ಲಿ. ಉಪಾಯವೂ ಆ ತಲೆಯಲ್ಲೇ ಇದ್ದದ್ದು. ಆದರೂ ಅದನ್ನು ಅವಳಿಗೆ ತಿಳಿಸಿ ಹೇಳಲು ಜಾರ್ಜ್ ಕ್ಲೂನಿ ಬರಬೇಕಾಯಿತು, ವೋಡ್ಕಾ ಸಮೇತ.

ಈ ಸತ್ತ ಮಗಳ ಪದ್ಧತಿ ನಮ್ಮ ತಲೆಯಲ್ಲಿ ಎಷ್ಟು ಆಳವಾಗಿ ಕೂತಿದೆ ಎಂಬುದನ್ನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು 2016ರ ‘ಅರೈವಲ್’. ಟೆಡ್ ಚಿಯಾಂಗ್ 1998ರಲ್ಲಿ ಪ್ರಕಟಿಸಿದ ಕಥೆಯೊಂದನ್ನು ಆಧರಿಸಿದ ಸಿನಿಮಾ. ಭಾಷಾವಿಜ್ಞಾನಿ ಲೂಯಿಸ್ ಬ್ಯಾಂಕ್ಸ್‌ಗೆ ಮಗಳು ಹುಟ್ಟಿ, ಬೆಳೆದು, ಕಾಯಿಲೆಯಿಂದ ಸಾಯುವುದನ್ನು ಶುರುವಿನಲ್ಲೇ ತೋರಿಸಿಬಿಡುತ್ತಾರೆ. ನಾವು ಪಾಪ್‌ಕಾರ್ನ್ ಮೆಲ್ಲುತ್ತ ತಲೆಯಾಡಿಸುತ್ತೇವೆ: ಹಾಂ, ಮಗಳು ಸತ್ತಿದ್ದಾಳೆ, ಇನ್ನು ಈಯಮ್ಮ ಏನು ಬೇಕಾದರೂ ಮಾಡಬಲ್ಲಳು. ಕೊನೆಗೆ ನೋಡಿದರೆ ಆ ಮಗಳು ಇನ್ನೂ ಹುಟ್ಟೇ ಇಲ್ಲ! ನಾವು ಭೂತಕಾಲ ಎಂದುಕೊಂಡದ್ದು ಭವಿಷ್ಯ. ಭೂಮಿಗೆ ಬಂದಿಳಿದ ಅನ್ಯಗ್ರಹದವರ ಲಿಪಿ ಕಲಿತದ್ದರಿಂದ ಅವಳಿಗೆ ಮುಂದಾಗುವುದು ಕಾಣತೊಡಗಿದೆ. ಅಂದರೆ ಅವರ ಮೇಲಿನ ಯುದ್ಧವನ್ನು ತಪ್ಪಿಸಿದ ಶಕ್ತಿ ವ್ಯಾಕರಣದ್ದು. ಪ್ರೀತಿ ಆಮೇಲೆ ಬರುತ್ತದೆ, ಸಾವು ಗೊತ್ತಿದ್ದೂ ಮಗಳನ್ನು ಹಡೆಯುತ್ತೇನೆ ಎಂಬ ತೀರ್ಮಾನವಾಗಿ. ನಿರ್ದೇಶಕ ನಮ್ಮ ಚಾಳಿಯನ್ನು ಬಲ್ಲವನು, ಜೇಬಿಗೆ ಕೈಹಾಕಿ ನಮಗೆ ಗೊತ್ತಾಗದಂತೆ ಪರ್ಸು ಎಗರಿಸಿದ.

ಈಗ ಕಚೇರಿಯ ಅತಿ ದೊಡ್ಡ ಕಡತಕ್ಕೆ ಬರೋಣ. 2014ರ ‘ಇಂಟರ್‌ಸ್ಟೆಲ್ಲರ್’. ವರ್ಮ್‌ಹೋಲಿನ ಆಚೆ ಮನುಷ್ಯ ಬದುಕಬಹುದಾದ ಗ್ರಹ ಹುಡುಕಲು ಹೋದವರು ಮೊದಲನೆಯ ಗ್ರಹದಲ್ಲೇ ಎಡವಿದ್ದಾರೆ. ಅಲ್ಲಿನ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ನೀರಿನಲ್ಲಿ ಸಿಕ್ಕಿಬಿದ್ದು ಮರಳುವಷ್ಟರಲ್ಲಿ ಇಪ್ಪತ್ತಮೂರು ವರ್ಷ ಕೊಚ್ಚಿಹೋಗಿದೆ. ಇನ್ನು ಉಳಿದ ಇಂಧನದಲ್ಲಿ ಒಂದೇ ಗ್ರಹಕ್ಕೆ ಹೋಗಬಹುದು: ಇವರಿಗಿಂತ ಮೊದಲೇ ಹೋಗಿದ್ದ ವಿಜ್ಞಾನಿಗಳಲ್ಲಿ ಡಾಕ್ಟರ್ ಮ್ಯಾನ್ ಇಳಿದ ಗ್ರಹಕ್ಕೋ, ಎಡ್ಮಂಡ್ಸ್ ಇಳಿದ ಗ್ರಹಕ್ಕೋ. ತಂಡದ ವಿಜ್ಞಾನಿ ಅಮೀಲಿಯಾ ಬ್ರ್ಯಾಂಡ್ ಎಡ್ಮಂಡ್ಸ್‌ನ ಕಡೆಗೆ ಎನ್ನುತ್ತಾಳೆ. ಅವಳು ಕೊಟ್ಟಿದ್ದ ಮೊದಲ ಕಾರಣ ಶುದ್ಧ ವಿಜ್ಞಾನ. ಕಪ್ಪುಕುಳಿಯ ಪಕ್ಕದ ಗ್ರಹಗಳಿಗೆ ಬರಬೇಕಾದ ಉಲ್ಕೆ, ಧೂಮಕೇತುಗಳನ್ನೆಲ್ಲ ಆ ಕುಳಿಯೇ ನುಂಗಿಬಿಡುತ್ತದೆ, ಆಕಸ್ಮಿಕಗಳಿಲ್ಲದೆ ಜೀವ ವಿಕಾಸವಾಗುವುದಿಲ್ಲ, ಆದ್ದರಿಂದ ದೂರದ ಗ್ರಹಕ್ಕೆ ಹೋಗೋಣ ಎಂದು. ಇದು ಯಾರಿಗೂ ನೆನಪಿಲ್ಲ. ಯಾಕೆಂದರೆ ಆಮೇಲೆ ಆಕೆ ಮಹಾಪರಾಧವೊಂದನ್ನು ಮಾಡುತ್ತಾಳೆ. ಎಡ್ಮಂಡ್ಸ್‌ನನ್ನು ಪ್ರೀತಿಸುತ್ತೇನೆ ಎಂದು ಒಪ್ಪಿಕೊಂಡು, ಪ್ರೀತಿಯೂ ಒಂದು ಸುಳಿವಾಗಿರಬಹುದಲ್ಲ, ದೇಶಕಾಲ ದಾಟಿ ಬರುವ ಏನೋ ಒಂದು ಸಂಕೇತವಾಗಿರಬಹುದಲ್ಲ ಎಂದು ಕೇಳಿಬಿಡುತ್ತಾಳೆ.

ಮುಗಿಯಿತು. ನಾಯಕ ಕೂಪರ್ ಮುಖದಲ್ಲಿ ಆ ಭಾವ ಮೂಡುತ್ತದೆ, ಮೀಟಿಂಗುಗಳಲ್ಲಿ ಕೂತ ಹೆಂಗಸರಿಗೆಲ್ಲ ಚೆನ್ನಾಗಿ ಗೊತ್ತಿರುವ ಭಾವ. ನಾವು ವಿಜ್ಞಾನಿಗಳು, ಭಾವನೆಗೆ ಜಾಗವಿಲ್ಲ, ಮ್ಯಾನ್‌ನ ದತ್ತಾಂಶ ಚೆನ್ನಾಗಿದೆ, ನಡೀರಿ. ಹೋಗಿ ನೋಡಿದರೆ ದತ್ತಾಂಶ ಪೂರ್ತಿ ಸುಳ್ಳು. ಯಾರಾದರೂ ಬಂದು ತನ್ನನ್ನು ಕಾಪಾಡಲಿ ಎಂದು ಆ ಮಹಾವಿಜ್ಞಾನಿ ಅಂಕಿಅಂಶ ತಿದ್ದಿ ಕಳಿಸಿದ್ದಾನೆ. ಪ್ರೀತಿ ಅವನಲ್ಲೂ ಇತ್ತು, ತನ್ನ ಜೀವದ ಮೇಲೆ. ಅದನ್ನು ಮಾತ್ರ ಯಾರೂ ಭಾವನೆ ಎಂದು ಲೆಕ್ಕ ಹಿಡಿಯಲಿಲ್ಲ, ಗ್ರಾಫಿನಲ್ಲಿ ಬಂತಲ್ಲ. ಅವನು ಕೂಪರನನ್ನು ಕೊಲ್ಲಲು ನೋಡುತ್ತಾನೆ, ನೌಕೆಯ ಒಂದು ಭಾಗವನ್ನು ಸ್ಫೋಟಿಸಿ ತಾನೂ ಸಾಯುತ್ತಾನೆ. ಎಡ್ಮಂಡ್ಸ್‌ನ ಗ್ರಹ? ಸಿನಿಮಾದ ಕೊನೆಯಲ್ಲಿ ಬ್ರ್ಯಾಂಡ್ ಅಲ್ಲಿ ಹೆಲ್ಮೆಟ್ ತೆಗೆದು ಉಸಿರಾಡುತ್ತಾಳೆ.

ಕಥೆಯ ಸ್ವಾರಸ್ಯ ಇನ್ನೂ ಇದೆ. ಇದೇ ಕೂಪರ್ ಕಪ್ಪುಕುಳಿಯೊಳಗೆ ಬಿದ್ದು, ಐದು ಆಯಾಮದ ಕೋಣೆಯೊಂದರಲ್ಲಿ ತನ್ನ ಮಗಳ ಪುಸ್ತಕದ ಕಪಾಟಿನ ಹಿಂಬದಿಗೆ ಬಂದು ನಿಲ್ಲುತ್ತಾನೆ. ಅಲ್ಲಿಂದ ಅವಳ ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ಅಲುಗಿಸಿ ಮೋರ್ಸ್ ಸಂಕೇತದಲ್ಲಿ ಗುರುತ್ವದ ರಹಸ್ಯ ಕಳಿಸುತ್ತಾನೆ. ಅನಂತ ಕ್ಷಣಗಳಲ್ಲಿ ಸರಿಯಾದ ಕ್ಷಣ ಹುಡುಕಿಕೊಟ್ಟದ್ದು ಯಾವುದು? ಪ್ರೀತಿ! ಬ್ರ್ಯಾಂಡ್ ಹೇಳಿದ್ದು ಸರಿ ಎಂದು ಅವನೂ ಒಪ್ಪಿಕೊಳ್ಳುತ್ತಾನೆ, ಒಂದು ರೋಬಾಟಿನ ಮುಂದೆ. ಬ್ರ್ಯಾಂಡ್ ಕೇಳಿಸಿಕೊಳ್ಳದಷ್ಟು ದೂರದಲ್ಲಿರುವಾಗ. ಹೆಣ್ಣು ಹೇಳಿದಾಗ ಹುಚ್ಚಾಟವಾಗಿದ್ದದ್ದು ಗಂಡಸು ಹೇಳಿದಾಗ ಭೌತಶಾಸ್ತ್ರವಾಯಿತು. ನೊಬೆಲ್ ಪಡೆದ ಕಿಪ್ ಥಾರ್ನ್ ಆ ಸಿನಿಮಾದ ವೈಜ್ಞಾನಿಕ ಸಲಹೆಗಾರ. ಕಪ್ಪುಕುಳಿಯ ಚಿತ್ರ ಸಮೀಕರಣಕ್ಕೆ ತಕ್ಕಂತೆ ಬರುವ ಹಾಗೆ ನೋಡಿಕೊಂಡರು. ಸಭೆಯ ಶಿಷ್ಟಾಚಾರ ಅವರ ವ್ಯಾಪ್ತಿಗೆ ಬರುವುದಿಲ್ಲ.

ಕೂಪರ್ ಪಾತ್ರ ಮಾಡಿದ ಮ್ಯಾಥ್ಯೂ ಮೆಕಾನಹೀಗೆ ಈ ಕೆಲಸದಲ್ಲಿ ಹಿಂದಿನ ಅನುಭವವೂ ಇತ್ತು. 1997ರ ‘ಕಾಂಟ್ಯಾಕ್ಟ್’ನಲ್ಲಿ ಅವನು ಪಾಮರ್ ಜಾಸ್ ಎಂಬ ಧರ್ಮಚಿಂತಕ, ಖಗೋಳಜ್ಞೆ ಎಲೀ ಆರೋವೇಯ ಪ್ರೇಮಿ. ಜೀವಮಾನವೆಲ್ಲ ನಕ್ಷತ್ರಗಳಿಗೆ ಕಿವಿಗೊಟ್ಟು, ಅನ್ಯಲೋಕದ ಸಂದೇಶವನ್ನು ಮೊದಲು ಕೇಳಿಸಿಕೊಂಡವಳು ಅವಳು. ಅಲ್ಲಿಗೆ ಹೋಗುವ ಯಂತ್ರದಲ್ಲಿ ಕೂರುವವರನ್ನು ಆರಿಸುವ ಸಮಿತಿಯ ಮುಂದೆ ಅವಳು ನಿಂತಿದ್ದಾಳೆ. ಸಮಿತಿಯಲ್ಲಿ ಪ್ರೇಮಿಯೂ ಕೂತಿದ್ದಾನೆ. ದೇವರನ್ನು ನಂಬುತ್ತೀಯಾ ಎಂದು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಅವಳು ಸುಳ್ಳು ಹೇಳುವವಳಲ್ಲ ಎಂಬುದು ಅವನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು? ಸೀಟು ಬೇರೆಯವನ ಪಾಲಾಯಿತು. ಯಾಕೆ ಹೀಗೆ ಮಾಡಿದೆ ಎಂದರೆ, ನಿನ್ನನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ ಎಂದ. ಒಂದು ಸಲ ಪ್ರೀತಿಯಿಂದಾಗಿ ಅಡ್ಡಗಾಲು, ಹದಿನೇಳು ವರ್ಷದ ನಂತರ ಪ್ರೀತಿ ಬೇಡವೆಂದು ಅಡ್ಡಗಾಲು. ಕಾಲು ಮಾತ್ರ ಒಂದೇ.

ಪ್ರೀತಿ ಶಕ್ತಿ ಕೊಡುತ್ತದೆ ಎನ್ನುವವರು ಪದ್ಮೆ ಅಮಿಡಾಲಾಳ ಮರಣಪತ್ರ ಓದಬೇಕು. ‘ಸ್ಟಾರ್ ವಾರ್ಸ್’ ಸರಣಿಯ ಈಕೆ ಹದಿನಾಲ್ಕನೇ ವಯಸ್ಸಿಗೆ ಚುನಾವಣೆ ಗೆದ್ದು ರಾಣಿಯಾದವಳು, ಆಮೇಲೆ ಸೆನೆಟರ್, ಗುರಿ ತಪ್ಪದ ಗನ್ನುಗಾರ್ತಿ. 2005ರ ಸಿನಿಮಾದಲ್ಲಿ ಅವಳಿಗೆ ಅವಳಿ ಮಕ್ಕಳಾಗುತ್ತವೆ. ವೈದ್ಯ ರೋಬಾಟು ಪರೀಕ್ಷಿಸಿ, ದೇಹದಲ್ಲಿ ಏನೂ ತೊಂದರೆಯಿಲ್ಲ, ಬದುಕುವ ಇಚ್ಛೆ ಹೋಗಿದೆ ಎಂದು ವರದಿ ಕೊಡುತ್ತದೆ. ಗಂಡ ಕೆಟ್ಟುಹೋದ, ಅದಕ್ಕೆ ಸತ್ತಳು. ಬೆಳಕಿನ ವೇಗ ಮೀರುವ ನಾಗರಿಕತೆಯ ಆಸ್ಪತ್ರೆಯ ರೋಗನಿರ್ಣಯ ಇದು. ಅತ್ತ ಗಂಡ? ಕೈಕಾಲು ಕತ್ತರಿಸಿ, ಲಾವಾದ ದಡದಲ್ಲಿ ಬೆಂದು ಕರಕಲಾದರೂ ದ್ವೇಷದ ಬಲದಲ್ಲಿ ಇನ್ನೂ ಎರಡು ದಶಕ ಗಟ್ಟಿಮುಟ್ಟಾಗಿ ಗೊರಗೊರ ಉಸಿರಾಡಿದ.

‘ದಿ ಫಿಫ್ತ್ ಎಲಿಮೆಂಟ್’ನ ಲೀಲೂ ಬದುಕಿ ಉಳಿದಳು, ಆದರೆ ಷರತ್ತಿನ ಮೇಲೆ. ಉಳಿದಿದ್ದ ಒಂದು ಕೈಯಿಂದ ಇಡೀ ದೇಹ ಮರುಸೃಷ್ಟಿಯಾದ ಪರಮಜೀವಿ, ಗಂಟೆಗಳಲ್ಲಿ ಮನುಷ್ಯರ ಭಾಷೆ, ಚರಿತ್ರೆ ಕಲಿತವಳು, ಒಂದು ಕೋಣೆ ತುಂಬ ರಾಕ್ಷಸರನ್ನು ಒಬ್ಬಳೇ ಬಡಿದುಹಾಕಿದವಳು. ಭೂಮಿ ಉಳಿಸುವ ಗಳಿಗೆಯಲ್ಲಿ ಅವಳ ಸ್ವಿಚ್ಚು ಆನ್ ಆಗುವುದಿಲ್ಲ. ಟ್ಯಾಕ್ಸಿ ಡ್ರೈವರನೊಬ್ಬ ‘ಪ್ರೀತಿಸುತ್ತೇನೆ’ ಎಂದು ಹೇಳಿ ಮುತ್ತು ಕೊಡಬೇಕು. ಅವನೋ, ಆ ಮಾತು ಬಾಯಿಗೆ ಬಾರದೆ ತಡಬಡಾಯಿಸುತ್ತಾನೆ, ಬ್ರಹ್ಮಾಂಡ ಕಾಯುತ್ತದೆ.

ಸಾರಾ ಕಾನರ್‌ಳದು ಬೇರೆ ಬಗೆಯ ಕಷ್ಟ. 1984ರ ‘ಟರ್ಮಿನೇಟರ್’ನಲ್ಲಿ ಭವಿಷ್ಯದಿಂದ ಬಂದ ಯಂತ್ರ ಅವಳನ್ನು ಕೊಲ್ಲಲು ಹುಡುಕುವುದು ಅವಳೇನೋ ಮಾಡುತ್ತಾಳೆಂದಲ್ಲ, ಮುಂದೆ ಗಂಡು ಮಗು ಹೆರುತ್ತಾಳೆಂದು. 1991ರ ಎರಡನೇ ಭಾಗದಲ್ಲಿ ಹುಚ್ಚಾಸ್ಪತ್ರೆಯ ಮಂಚವನ್ನೇ ನೆಟ್ಟಗೆ ನಿಲ್ಲಿಸಿ ಕಸರತ್ತು ಮಾಡಿ ತೋಳು ಬೆಳೆಸಿಕೊಂಡಳು, ಅದೂ ಮಗನನ್ನು ಕಾಯಲಿಕ್ಕೆ. 2019ರಲ್ಲಿ ಬಂದ ‘ಡಾರ್ಕ್ ಫೇಟ್’ನಲ್ಲಿ ಡ್ಯಾನಿ ಎಂಬ ಹುಡುಗಿಯ ಬೆನ್ನಿಗೆ ಹೊಸ ಯಂತ್ರ ಬಿದ್ದಿದೆ. ಓಹೋ, ಇವಳೂ ಲೋಕೋದ್ಧಾರಕನನ್ನು ಹೆರುವವಳು ಎಂದು ಸಾರಾಳೇ ತಿಳಿಯುತ್ತಾಳೆ. ಅಲ್ಲವಂತೆ, ಮುಂದೆ ಸೈನ್ಯ ಕಟ್ಟುವವಳು ಈ ಹುಡುಗಿಯೇ ಅಂತೆ. ಬಸಿರಿನಿಂದ ಮುಖದವರೆಗೆ ದೃಷ್ಟಿ ಏರಲು ಹಾಲಿವುಡ್ಡಿಗೆ ಮೂವತ್ತೈದು ವರ್ಷ ಹಿಡಿಯಿತು. ಪರವಾಗಿಲ್ಲ, ದೂರದ ಪ್ರಯಾಣ.

ಈ ಕಚೇರಿಯ ವ್ಯವಹಾರ ಪೂರ್ತಿ ಅರ್ಥವಾದದ್ದು ‘ಹಂಗರ್ ಗೇಮ್ಸ್’ನ ಕ್ಯಾಟ್ನಿಸ್‌ಗೆ. ಕೊಲ್ಲುವ ಆಟ ಟಿವಿಯಲ್ಲಿ ನೇರ ಪ್ರಸಾರವಾಗುತ್ತಿದೆ, ನೋಡುವವರು ಮರುಗಿದರೆ ಮಾತ್ರ ಔಷಧ, ಊಟ ಬೀಳುತ್ತದೆ. ಬಿಲ್ಲುವಿದ್ಯೆ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಗಿರಾಕಿ ಕಡಿಮೆ. ಗಾಯಗೊಂಡ ಸಹಸ್ಪರ್ಧಿ ಪೀಟಾನಿಗೆ ಒಂದು ಮುತ್ತು ಕೊಟ್ಟಳು, ಪ್ಯಾರಾಶೂಟಿನಲ್ಲಿ ಒಂದು ಪಾತ್ರೆ ಬಿಸಿ ಸಾರು ಇಳಿಯಿತು. ದರಪಟ್ಟಿ ತಿಳಿಯಿತು. ಸುಝಾನ್ ಕಾಲಿನ್ಸ್ 2008ರ ಆ ಕಾದಂಬರಿಯಲ್ಲಿ ಪ್ರೇಕ್ಷಕರನ್ನು ಗೇಲಿ ಮಾಡಿದ್ದರು. ಆಮೇಲೆ ಅದು ಸಿನಿಮಾ ಆಗಿ, ಕ್ಯಾಟ್ನಿಸ್ ಯಾರನ್ನು ಮದುವೆಯಾಗಬೇಕು ಎಂದು ಜಗತ್ತಿನ ಹುಡುಗಹುಡುಗಿಯರೆಲ್ಲ ಎರಡು ಪಕ್ಷ ಕಟ್ಟಿ ಜಗಳವಾಡಿದರು. ಗೇಲಿಗೊಳಗಾದವರೇ ಟಿಕೆಟ್ ಕೊಂಡು ಬಂದರೆ ಲೇಖಕಿಯಾದರೂ ಏನು ಮಾಡಿಯಾಳು.

ಕಚೇರಿಯ ಕಣ್ಣು ತಪ್ಪಿಸಿ ಒಳಗೆ ಬಂದವಳು ಒಬ್ಬಳಿದ್ದಾಳೆ. 1979ರ ‘ಏಲಿಯನ್’ನ ರಿಪ್ಲಿ. ಅದಕ್ಕೆ ಕಾರಣ ಒಂದು ಸಣ್ಣ ಟಿಪ್ಪಣಿ. ಡ್ಯಾನ್ ಒಬ್ಯಾನನ್ ಮತ್ತು ರೊನಾಲ್ಡ್ ಶುಸೆಟ್ ಬರೆದ ಚಿತ್ರಕಥೆಯಲ್ಲಿ, ನೌಕೆಯ ಸಿಬ್ಬಂದಿಯ ಯಾವ ಪಾತ್ರವನ್ನೂ ಗಂಡಸರಾದರೂ ಮಾಡಬಹುದು, ಹೆಂಗಸರಾದರೂ ಮಾಡಬಹುದು ಎಂದು ಹಾಕಿದ್ದರು. ಹೀಗಾಗಿ ರಿಪ್ಲಿಯನ್ನು ಬರೆಯುವಾಗ ‘ಯಾರಿಗೋಸ್ಕರ?’ ಎಂದು ಕೇಳುವುದು ಮರೆತೇ ಹೋಯಿತು. ಮುಖಕ್ಕೆ ಜೀವಿಯೊಂದು ಕಚ್ಚಿಕೊಂಡ ಸಹೋದ್ಯೋಗಿಯನ್ನು ಒಳಗೆ ಬಿಡಿ ಎಂದು ಕ್ಯಾಪ್ಟನ್ನೇ ಕೂಗಿದರೂ ಅವಳು ಬಾಗಿಲು ತೆರೆಯುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಪ್ರತ್ಯೇಕವಾಗಿಡಬೇಕೆಂಬ ನಿಯಮವಿದೆ. ಇನ್ನೊಬ್ಬ ತೆರೆದ, ಮಿಕ್ಕದ್ದು ಜಗತ್ತಿಗೇ ಗೊತ್ತು. ಅವಳ ಮಾತು ನಡೆದಿದ್ದರೆ ಸಿನಿಮಾ ಅರ್ಧ ಗಂಟೆಯಲ್ಲಿ ಮುಗಿದು ಪ್ರೇಕ್ಷಕರು ದುಡ್ಡು ವಾಪಸ್ ಕೇಳುತ್ತಿದ್ದರು. ನಮ್ಮ ಸಾವಿತ್ರಿಯೂ ಹೀಗೆಯೇ, ನಿಯಮ ಹಿಡಿದು ನಿಂತವಳು. ಪಾತಿವ್ರತ್ಯದಿಂದ ಯಮನನ್ನು ಗೆದ್ದಳು ಎನ್ನುತ್ತಾರೆ ಹರಿಕಥೆಯವರು. ಕಥೆಯಲ್ಲಿ ಯಮ ಸಿಕ್ಕಿಬಿದ್ದದ್ದು ವರದ ಒಕ್ಕಣೆಯಲ್ಲಿ. ನೂರು ಮಕ್ಕಳಾಗಲಿ ಎಂದವನು ಇನ್ನು ಗಂಡನನ್ನು ಹೊತ್ತೊಯ್ಯುವುದು ಹೇಗೆ?

ಆದರೆ ರಿಪ್ಲಿಯ ವಿಷಯದಲ್ಲಾದ ತಪ್ಪು ತಿದ್ದಲು ಕಚೇರಿಗೆ ಎಷ್ಟು ಹೊತ್ತು? 1986ರ ಎರಡನೇ ಭಾಗ ‘ಏಲಿಯನ್ಸ್’ನಲ್ಲಿ ರಿಪ್ಲಿಗೆ ನ್ಯೂಟ್ ಎಂಬ ಅನಾಥ ಹುಡುಗಿಯನ್ನು ಕೊಟ್ಟರು. ಐವತ್ತೇಳು ವರ್ಷದ ಶೀತನಿದ್ರೆಯಲ್ಲಿ ಅವಳ ಸ್ವಂತ ಮಗಳು ಮುದುಕಿಯಾಗಿ ಸತ್ತಳೆಂದು ತಿಳಿಯುವ ದೃಶ್ಯವನ್ನೂ ಚಿತ್ರಿಸಿ, ಚಿತ್ರಮಂದಿರಕ್ಕೆ ಕಳಿಸುವಾಗ ಕತ್ತರಿಸಿ, ಮುಂದಿನ ವಿಶೇಷ ಆವೃತ್ತಿಯಲ್ಲಿ ಮತ್ತೆ ಅಂಟಿಸಿದರು. ದಾಖಲೆ ಪೂರ್ಣವಾಯಿತು. ನ್ಯೂಟ್‌ಳನ್ನು ಬಿಡಿಸಿಕೊಳ್ಳಲು ರಿಪ್ಲಿ ರಾಕ್ಷಸರ ಗೂಡಿಗೆ ಇಳಿಯುವ ದೃಶ್ಯ ನನಗೂ ಇಷ್ಟ, ಸುಳ್ಳೇಕೆ ಹೇಳಲಿ. ಆದರೆ ಲೆಕ್ಕ ಲೆಕ್ಕವೇ. ಗೆಲ್ಲಿಸುವುದು ತಾಯ್ಪ್ರೀತಿಯೇ ಆಗಿದ್ದರೆ ಏಲಿಯನ್ ರಾಣಿ ಗೆಲ್ಲಬೇಕಿತ್ತು. ರಿಪ್ಲಿಗೆ ಸಾಕಿದ ಮಗಳು ಒಬ್ಬಳು. ರಾಣಿಗೆ ನೆಲ ತುಂಬ ಮೊಟ್ಟೆಗಳು, ಹೆತ್ತವು, ಎಲ್ಲವೂ ಕಣ್ಣೆದುರೇ ಬೆಂಕಿಗೆ ಹೋದವು. ಅವಳ ಸಂಕಟಕ್ಕೆ ಯಾರೂ ಹಿನ್ನೆಲೆ ಸಂಗೀತ ಕೊಡಲಿಲ್ಲ.

ರಾಣಿಯನ್ನು ಸೋಲಿಸಿದ್ದು ಸರಕು ಎತ್ತುವ ಯಂತ್ರ. ಅದೇ ಸಿನಿಮಾದ ಶುರುವನ್ನು ನೆನಪು ಮಾಡಿಕೊಳ್ಳಿ. ಅಧಿಕಾರಿಯ ಹುದ್ದೆ ಕಳೆದುಕೊಂಡ ರಿಪ್ಲಿ ಹಡಗುಕಟ್ಟೆಯಲ್ಲಿ ಲೋಡರ್ ಓಡಿಸಿ ಹೊಟ್ಟೆ ಹೊರೆಯುತ್ತಿರುತ್ತಾಳೆ. ನೌಕೆಯಲ್ಲಿ ಸೈನಿಕರ ನಡುವೆ ಏನು ಮಾಡಲೆಂದು ತಿಳಿಯದೆ, ನನಗೆ ಲೋಡರ್ ಬರುತ್ತೆ, ಎರಡನೇ ದರ್ಜೆಯ ಅರ್ಹತೆ ಇದೆ ಎನ್ನುತ್ತಾಳೆ. ಅವಳು ಹತ್ತಿ ಕೂತು ಒಂದು ದೊಡ್ಡ ಪೆಟ್ಟಿಗೆಯನ್ನು ಹೂವಿನಂತೆ ಎತ್ತಿ, ಎಲ್ಲಿ ಇಡಲಿ ಎಂದು ಕೇಳುತ್ತಾಳೆ. ಆ ಯಂತ್ರದಲ್ಲೇ ಕೂತು ಕೊನೆಗೆ ರಾಣಿಯನ್ನು ಹಿಡಿದು ಹೊರಗೆಸೆಯುವುದು. ನ್ಯೂಟ್‌ಗಾಗಿ ಕೆಳಗಿಳಿದಳು, ನಿಜ. ಮೇಲೆ ಬಂದು ಬದುಕಿದ್ದು ಕೂಲಿ ಕೆಲಸದಲ್ಲಿ ಕಲಿತ ಕಸುಬಿನಿಂದ. ಆ ಸರ್ಟಿಫಿಕೇಟಿನ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಇನ್ನು ಮೂರನೇ ಭಾಗದಲ್ಲಿ, 1992ರಲ್ಲಿ, ನ್ಯೂಟ್‌ಳನ್ನು ಸಿನಿಮಾ ಶುರುವಾಗುವಾಗಲೇ ಸಾಯಿಸಿದರು. ಬರೆದವರಿಗೆ ಬೇಕಾದಾಗ ಕೊಟ್ಟ ಪ್ರೀತಿ, ಬೇಡವಾದಾಗ ರದ್ದು.

ಹಾಗಾದರೆ ಪ್ರೀತಿಯಿಂದಲೇ ಗೆದ್ದ ವೈಜ್ಞಾನಿಕ ನಾಯಕಿ ಇಲ್ಲವೇ ಇಲ್ಲವೇ? ಇದ್ದಾಳೆ. ಮೆಡಲೀನ್ ಲೆಂಗಲ್ 1962ರಲ್ಲಿ ಪ್ರಕಟಿಸಿದ ‘ಎ ರಿಂಕಲ್ ಇನ್ ಟೈಮ್’ನ ಮೆಗ್ ಮರಿ. ಹತ್ತಾರು ಪ್ರಕಾಶಕರು ಬೇಡವೆಂದು ತಿರುಗಿ ಕಳಿಸಿದ ಹಸ್ತಪ್ರತಿ, ಅಚ್ಚಾದ ಮರುವರ್ಷ ನ್ಯೂಬೆರಿ ಪದಕ ಗಳಿಸಿತು. ಮೆಗ್ ಚೆಲುವೆಯಲ್ಲ, ಕನ್ನಡಕ, ಹಲ್ಲಿಗೆ ತಂತಿ, ಮೂಗಿನ ತುದಿಯಲ್ಲೇ ಸಿಟ್ಟು. ಅಮ್ಮ ವಿಜ್ಞಾನಿ, ಪ್ರಯೋಗಾಲಯದ ಬನ್ಸೆನ್ ಬರ್ನರಿನ ಮೇಲೇ ಅಡುಗೆ ಮಾಡುವವಳು. ಎಲ್ಲರನ್ನೂ ಒಂದೇ ತಾಳಕ್ಕೆ ಕುಣಿಸುವ ದೈತ್ಯ ಮಿದುಳೊಂದು ಮೆಗ್‌ಳ ತಮ್ಮನನ್ನು ಹಿಡಿದಿಟ್ಟಿದೆ. ಅಲ್ಲಿಗೆ ಹೋಗುವಾಗ ಅವಳಿಗೆ ಸಿಕ್ಕ ಉಡುಗೊರೆ ಅವಳದೇ ದೋಷಗಳು; ಹಟವೂ ಸಿಡುಕೂ ಮೊದಲ ಸುತ್ತಿನಲ್ಲಿ ಅವಳನ್ನು ಕಾಯುತ್ತವೆ. ಕೊನೆಗೆ ತಮ್ಮನ ಮೇಲಿನ ಪ್ರೀತಿಯಿಂದ ಅವನನ್ನು ಬಿಡಿಸಿಕೊಳ್ಳುತ್ತಾಳೆ. ಆ ಮಿದುಳನ್ನೂ ಪ್ರೀತಿಸಿಬಿಡಲೇ ಎಂದು ಯೋಚಿಸಿ, ಅಷ್ಟು ನನ್ನ ಕೈಲಾಗದು ಎಂದು ಪ್ರಾಮಾಣಿಕವಾಗಿ ಕೈಬಿಡುತ್ತಾಳೆ. ನನಗೆ ಮೆಗ್ ಮೆಚ್ಚುಗೆಯಾಗುವುದು ಆ ಸಾಲಿಗೆ. ಆ ಶಾಲಾ ಹುಡುಗಿಯನ್ನು ಜಗನ್ಮಾತೆ ಮಾಡಲು ಲೆಂಗಲ್ ಹೊರಡಲಿಲ್ಲ.

ಇನ್ನೂ ಹಿಂದೆ ಹೋದರೆ ಗುಮಾಸ್ತನ ಕಿಂಡಿಯೇ ಇಲ್ಲದ ದೇಶವೊಂದು ಸಿಗುತ್ತದೆ. ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಅದರಲ್ಲಿ ಗಂಡಸರ ಸೈನ್ಯ ಯುದ್ಧದಲ್ಲಿ ಸೋತು ಮಲಗಿದೆ. ವಿಶ್ವವಿದ್ಯಾಲಯದ ಪ್ರಾಂಶುಪಾಲೆ ಎರಡು ಸಾವಿರ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಿ, ಸಂಗ್ರಹಿಸಿಟ್ಟ ಬಿಸಿಲನ್ನು ಶತ್ರುಗಳ ಮೇಲೆ ತಿರುಗಿಸಿ ಓಡಿಸುತ್ತಾಳೆ. ಹೊರಡುವ ಮುನ್ನ ಅವಳದು ಒಂದೇ ಷರತ್ತು: ಗಂಡಸರೆಲ್ಲ ಅಂತಃಪುರಕ್ಕೆ ಹೋಗಬೇಕು. ಹೋದವರು ಅಲ್ಲೇ ಉಳಿದು ಅಡುಗೆ, ಮಕ್ಕಳನ್ನು ನೋಡಿಕೊಂಡಿದ್ದಾರೆ. ಹೆಂಗಸರ ಕೈಯಲ್ಲಿ ಕಚೇರಿ ಕೆಲಸ ದಿನಕ್ಕೆ ಎರಡೇ ಗಂಟೆಯಲ್ಲಿ ಮುಗಿಯುತ್ತದೆ, ಹಿಂದೆ ಗಂಡಸರಿದ್ದಾಗ ಉಳಿದ ಹೊತ್ತೆಲ್ಲ ಚುಟ್ಟಾ ಸೇದುವುದಕ್ಕೆ ಹೋಗುತ್ತಿತ್ತಂತೆ. ಪ್ರಾಂಶುಪಾಲೆಗೆ ಮದುವೆಯಾಗಿತ್ತೇ, ಮಗಳು ಸತ್ತಿದ್ದಳೇ? ಕಥೆ ಆ ಸುದ್ದಿಯನ್ನೇ ಎತ್ತುವುದಿಲ್ಲ.

ಪ್ರೀತಿ ಬೇಕೇಬೇಕೆನ್ನುವವರು ಕಥೆಯ ಹೊರಗೆ ಹುಡುಕಲಿ, ಅಲ್ಲಿ ಧಾರಾಳವಾಗಿದೆ. ಮನೆಯವರಿಗೆ ತಿಳಿಯದಂತೆ ರಾತ್ರಿ ಹೊತ್ತು ದೀಪದ ಬೆಳಕಿನಲ್ಲಿ ರೊಕೆಯಾಗೆ ಇಂಗ್ಲಿಷ್ ಕಲಿಸಿದ್ದು ಅಣ್ಣ. ಹುಡುಗಿಯರ ಶಾಲೆಗೆಂದು ಹತ್ತು ಸಾವಿರ ರೂಪಾಯಿ ತೆಗೆದಿಟ್ಟು ಸತ್ತದ್ದು ಗಂಡ ಸಖಾವತ್ ಹುಸೇನ್, ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದವರು. ಅವರು ಪ್ರವಾಸ ಹೋಗಿದ್ದಾಗ ಹೊತ್ತು ಹೋಗದೆ ಆಕೆ ಬರೆದ ಕಥೆ ಇದು. ತಿರುಗಿ ಬಂದವರು ಕೂರುವುದನ್ನೂ ಮರೆತು ನಿಂತಲ್ಲೇ ಓದಿ ಮುಗಿಸಿ, ಭಯಂಕರವಾಗಿ ಸೇಡು ತೀರಿಸಿಕೊಂಡಿದ್ದೀಯ ಎಂದರಂತೆ. ಆಮೇಲೆ ಹೆಂಡತಿಯ ಇಂಗ್ಲಿಷಿನಲ್ಲಿ ತಪ್ಪಿದ್ದರೆ ತಿದ್ದಿಕೊಡಿ ಎಂದು ಭಾಗಲ್ಪುರದ ಬ್ರಿಟಿಷ್ ಕಮಿಷನರ್ ಸಾಹೇಬರಿಗೆ ಕಳಿಸಿದರು. ಸಾಹೇಬರು ಒಂದಕ್ಷರವನ್ನೂ ಮುಟ್ಟದೆ ವಾಪಸ್ ಕಳಿಸಿದರಂತೆ.